ನಿಲ್ಲು ಅಂದರೂ ನಿಲ್ಲದ ಜೀವಕೋಶ: ಜಠರದ ಕ್ಯಾನ್ಸರಿನಲ್ಲಿ ಮೂರು ಮೈಕ್ರೊಆರ್‌ಎನ್‌ಎಗಳ ಪ್ರಕರಣ

ಜಠರದ ಒಳಗೋಡೆಯ ಮೇಲ್ಪದರದಲ್ಲಿರುವ ಜೀವಕೋಶಗಳ ಆಯಸ್ಸು ಕೆಲವೇ ದಿನ. ಆಮ್ಲದ ಮಗ್ಗುಲಲ್ಲೇ ಇರುವ ಕೋಶಗಳು ಅವು. ಸವೆದು ಉದುರುತ್ತವೆ, ಕೆಳಗಿನಿಂದ ಹೊಸವು ಹುಟ್ಟಿ ಮೇಲೆ ಬರುತ್ತವೆ. ನಾವು ಮಲಗಿದ್ದಾಗಲೂ ಈ ಕೆಲಸ ನಡೆಯುತ್ತಲೇ ಇರುತ್ತದೆ. ಇಷ್ಟೊಂದು ಹುಟ್ಟು ಇರುವ ಜಾಗದಲ್ಲಿ ಹದ ತಪ್ಪಬಾರದು ಅಂದರೆ, ಕೋಶಕ್ಕೆ ಸಮಯಕ್ಕೆ ಸರಿಯಾಗಿ ನಿಲ್ಲುವುದು ಗೊತ್ತಿರಬೇಕು.

ಆ 'ನಿಲ್ಲು' ಅನ್ನುವ ಅಪ್ಪಣೆಯನ್ನು ತರುವ ಪ್ರೋಟೀನುಗಳಲ್ಲಿ ಟಿಜಿಎಫ್-ಬೀಟಾ ಮುಖ್ಯವಾದದ್ದು. ಇದು ಕೋಶದ ಹೊರಮೈಯಲ್ಲಿರುವ ರಿಸೆಪ್ಟರಿಗೆ ಬಂದು ಅಂಟಿಕೊಳ್ಳುತ್ತದೆ. ಸುದ್ದಿ ಸ್ಮಾಡ್ ಅನ್ನುವ ಪ್ರೋಟೀನುಗಳ ಕೈಯಿಂದ ಕೈಗೆ ದಾಟಿ ನ್ಯೂಕ್ಲಿಯಸ್ ಮುಟ್ಟುತ್ತದೆ. ಆಗ ಎರಡು ಕೆಲಸ ಆಗುತ್ತವೆ. ಪಿ21 ಅನ್ನುವ ಪ್ರೋಟೀನು ಜಾಸ್ತಿಯಾಗಿ ಕೋಶ ಒಡೆದು ಎರಡಾಗುವುದಕ್ಕೆ ಬ್ರೇಕ್ ಬೀಳುತ್ತದೆ. ಆಮೇಲೆ ಬಿಮ್ ಅನ್ನುವ ಇನ್ನೊಂದು ಪ್ರೋಟೀನು ಹೆಚ್ಚಾಗಿ, ಬೇಡವಾದ ಕೋಶ ತಾನಾಗಿಯೇ ಸಾಯುತ್ತದೆ.

ಜಠರದ ಕ್ಯಾನ್ಸರಿನಲ್ಲಿ ಎಷ್ಟೋ ಸಲ ಈ ಅಪ್ಪಣೆಗೆ ಬೆಲೆಯೇ ಇರುವುದಿಲ್ಲ. ಕೆಲವು ಗಡ್ಡೆಗಳಲ್ಲಿ ಕಾರಣ ಗೊತ್ತಿದೆ, ರಿಸೆಪ್ಟರಿನ ಜೀನೇ ಕೆಟ್ಟಿರುತ್ತದೆ. ಇನ್ನು ಕೆಲವು ಗಡ್ಡೆಗಳಲ್ಲಿ ರಿಸೆಪ್ಟರ್ ಸರಿಯಾಗಿದೆ, ಸ್ಮಾಡ್‌ಗಳು ಸರಿಯಾಗಿವೆ, ಪಿ21 ಮತ್ತು ಬಿಮ್ ಜೀನುಗಳಲ್ಲಿ ಒಂದಕ್ಷರವೂ ತಪ್ಪಿಲ್ಲ. ವೈರು ಎಲ್ಲೂ ಕಡಿದಿಲ್ಲ, ಆದರೂ ಸ್ವಿಚ್ ಹಾಕಿದರೆ ದೀಪ ಉರಿಯುತ್ತಿಲ್ಲ. ಈ ಬರಹ ಅಂಥ ಒಂದು ಪ್ರಕರಣದ್ದು.

ಮೂವರು ಒಂದೇ ಮನೆಯಲ್ಲಿ

2008ರ ಮಾರ್ಚ್‌ನಲ್ಲಿ 'ಕ್ಯಾನ್ಸರ್ ಸೆಲ್' ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಅಮೆರಿಕದ ಓಹಾಯೊ ಸ್ಟೇಟ್ ಯೂನಿವರ್ಸಿಟಿಯ ಫ್ಯಾಬಿಯೊ ಪೆಟ್ರೋಕಾ, ಕಾರ್ಲೊ ಕ್ರೋಚೆ ಮತ್ತು ಜೊತೆಗಾರರು ಬರೆದದ್ದು. ಜಠರದ ಗಡ್ಡೆಗಳಲ್ಲಿ ಯಾವ ಮೈಕ್ರೊಆರ್‌ಎನ್‌ಎಗಳು ಜಾಸ್ತಿಯಾಗಿವೆ ಎಂದು ಅವರು ಹುಡುಕಿದ್ದರು. ಕ್ರೋಚೆ ಅವರ ತಂಡಕ್ಕೆ ಈ ದಾರಿ ಹೊಸದೇನಲ್ಲ. ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಎರಡು ಮೈಕ್ರೊಆರ್‌ಎನ್‌ಎಗಳು ಕಾಣೆಯಾಗಿರುತ್ತವೆ ಎಂದು 2002ರಲ್ಲಿ ತೋರಿಸಿ, ಈ ಅಣುಗಳಿಗೂ ಕ್ಯಾನ್ಸರಿಗೂ ಇರುವ ನಂಟನ್ನು ಮೊದಲು ಹಿಡಿದವರು ಅವರೇ.

ಮೈಕ್ರೊಆರ್‌ಎನ್‌ಎ ಅಂದರೆ ಏನು ಅನ್ನುವುದನ್ನು ಇಲ್ಲಿ ಒಂದಿಷ್ಟು ಹೇಳಿಬಿಡುತ್ತೇನೆ. ಸುಮಾರು 22 ಅಕ್ಷರಗಳ ಪುಟ್ಟ ಆರ್‌ಎನ್‌ಎ ತುಂಡು ಅದು. ಪ್ರೋಟೀನು ಮಾಡುವ ಸೂಚನೆ ಅದರಲ್ಲಿಲ್ಲ. ಬೇರೆ ಆರ್‌ಎನ್‌ಎಗಳು ಹೊತ್ತು ತರುವ ಸೂಚನೆಯನ್ನು ತಡೆಯುವುದೇ ಅದರ ಕೆಲಸ. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್‌ಕುನ್ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇದನ್ನು ಕಂಡರು. ಹುಳುವಿನ ವಿಚಿತ್ರ ಅಂತ ಜನ ಅಂದುಕೊಂಡಿದ್ದೇ ಜಾಸ್ತಿ. 2024ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಜಠರದ ಗಡ್ಡೆಗಳ ಒಂದು ಗುಂಪಿನಲ್ಲಿ ಜಾಸ್ತಿ ಕಂಡವುಗಳಲ್ಲಿ ಮಿರ್-106ಬಿ, ಮಿರ್-93, ಮಿರ್-25 ಅನ್ನುವ ಮೂರು ಇದ್ದವು. ಅವುಗಳ ವಿಳಾಸ ಕುತೂಹಲದ್ದು. ಮೂರೂ ಒಟ್ಟಿಗೆ, 7ನೇ ಕ್ರೋಮೋಸೋಮಿನಲ್ಲಿ, ಎಂಸಿಎಂ7 ಅನ್ನುವ ಜೀನಿನ ಹೊಟ್ಟೆಯೊಳಗೆ ಇವೆ.

ಎಂಸಿಎಂ7 ಸಾಮಾನ್ಯದ ಜೀನಲ್ಲ. ಕೋಶ ಒಡೆಯುವ ಮೊದಲು ತನ್ನ ಡಿಎನ್‌ಎಗೆ ಇನ್ನೊಂದು ಪ್ರತಿ ಮಾಡಿಕೊಳ್ಳಬೇಕಲ್ಲ, ಆಗ ಡಿಎನ್‌ಎಯ ಎರಡು ಎಳೆಗಳನ್ನು ಬಿಡಿಸುವ ಉಂಗುರ ಬೇಕು. ಆ ಉಂಗುರ ಆರು ಪ್ರೋಟೀನುಗಳಿಂದ ಆಗಿದೆ, ಅದರಲ್ಲಿ ಒಂದು ಎಂಸಿಎಂ7. ಇದಿಲ್ಲದೆ ಯಾವ ಕೋಶವೂ ಬೆಳೆಯದು.

ಜೀನಿನಲ್ಲಿರುವುದೆಲ್ಲ ಪ್ರೋಟೀನಿಗೆ ಬಳಕೆಯಾಗುವುದಿಲ್ಲ. ಹಲಸಿನ ಹಣ್ಣು ಕೊಯ್ದು ತೊಳೆ ಬಿಡಿಸಿಕೊಂಡು ಮಿಕ್ಕ ಕಸವನ್ನು ಬದಿಗೆ ಹಾಕುತ್ತೇವಲ್ಲ, ಹಾಗೆ ಕೋಶ ಬೇಕಾದ ಭಾಗಗಳನ್ನು ಇಟ್ಟುಕೊಂಡು ನಡುವಿನ ಇಂಟ್ರಾನ್‌ಗಳನ್ನು ಕತ್ತರಿಸಿ ಬಿಸಾಡುತ್ತದೆ. ಎಂಸಿಎಂ7ನ 13ನೇ ಇಂಟ್ರಾನ್ ಕೂಡ ಅಂಥ ಬಿಸಾಡುವ ಭಾಗವೇ. ಆದರೆ ಮೂರು ಮೈಕ್ರೊಆರ್‌ಎನ್‌ಎಗಳು ಇರುವುದು ಅದರೊಳಗೇ. ಡ್ರೋಷಾ, ಡೈಸರ್ ಅನ್ನುವ ಎರಡು ಕಿಣ್ವಗಳು ಆ ಭಾಗವನ್ನು ಕತ್ತರಿಸಿ ಕತ್ತರಿಸಿ ಮೂರು ಪುಟ್ಟ ತುಂಡುಗಳನ್ನು ತೆಗೆಯುತ್ತವೆ.

ಹಾಗಾಗಿ ಎಂಸಿಎಂ7 ಯಾವಾಗೆಲ್ಲ ಓದಲ್ಪಡುತ್ತದೋ ಆಗೆಲ್ಲ ಈ ಮೂರೂ ಹುಟ್ಟುತ್ತವೆ. ಎಂಸಿಎಂ7ನ ಸ್ವಿಚ್ ಒತ್ತುವುದು ಇ2ಎಫ್1 ಅನ್ನುವ ಪ್ರೋಟೀನು. ಕೋಶ 'ಇನ್ನು ಒಡೆಯೋಣ' ಎಂದು ಹೊರಟಾಗ ಎದ್ದು ಕೂರುವ ಮೇಸ್ತ್ರಿ ಅದು. ಗಾಡಿಯ ಆಕ್ಸಿಲರೇಟರ್ ಒತ್ತಿದ ಕಾಲೇ ಈ ಮೂವರನ್ನೂ ಎಬ್ಬಿಸುತ್ತದೆ ಅಂದ ಹಾಗಾಯಿತು.

ಏಳು ಅಕ್ಷರ

ಈಗ ಹತ್ತಿರ ಹೋಗಿ ನೋಡೋಣ. ಮಿರ್-106ಬಿಯಲ್ಲಿ 21 ಅಕ್ಷರ. ಮಿರ್-93ರಲ್ಲಿ 23. ಎರಡರಲ್ಲೂ ಎರಡನೇ ಅಕ್ಷರದಿಂದ ಎಂಟನೆಯದರವರೆಗೆ ಓದಿದರೆ ಒಂದೇ ಸಾಲು ಸಿಗುತ್ತದೆ: ಎ-ಎ-ಎ-ಜಿ-ಯು-ಜಿ-ಸಿ. ಮೈಕ್ರೊಆರ್‌ಎನ್‌ಎಯ ಈ ಭಾಗಕ್ಕೆ ಬೀಜ ಅನ್ನುತ್ತಾರೆ. ಯಾರನ್ನು ಹಿಡಿಯಬೇಕು ಅನ್ನುವುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಇದೇ ಏಳು ಅಕ್ಷರ.

ಆರ್‌ಎನ್‌ಎಯಲ್ಲಿ ಎ ಜೊತೆ ಯು, ಜಿ ಜೊತೆ ಸಿ ಜೋಡಿ. ಹಾಗಾದರೆ ಈ ಬೀಜಕ್ಕೆ ಸರಿಜೋಡಿ ಜಿ-ಸಿ-ಎ-ಸಿ-ಯು-ಯು-ಯು. ಒಂದು ಹಾಳೆಯಲ್ಲಿ ಬರೆದು, ಒಂದನ್ನು ತಿರುವಿ ಇನ್ನೊಂದರ ಕೆಳಗಿಟ್ಟು ನೋಡಿ, ಅಕ್ಷರಕ್ಕೆ ಅಕ್ಷರ ಕೂರುತ್ತದೆ. ಈ ಸಾಲು ಪಿ21ರ ಸೂಚನೆ ಹೊತ್ತ ಆರ್‌ಎನ್‌ಎಯ ಬಾಲದಲ್ಲಿ ಇದೆ. ಪ್ರೋಟೀನಿನ ಸೂಚನೆ ಮುಗಿದ ಮೇಲೆ ಉಳಿಯುವ ಉದ್ದ ಬಾಲ ಅದು. ಮಿರ್-106ಬಿ ಅಥವಾ ಮಿರ್-93 ಆರ್ಗೊನಾಟ್ ಅನ್ನುವ ಪ್ರೋಟೀನಿನೊಳಗೆ ಕೂತು ಬಂದು ಅಲ್ಲಿ ಕಚ್ಚಿಕೊಳ್ಳುತ್ತದೆ. ಪಿ21ರ ಸೂಚನೆ ಓದುವುದು ಕಡಿಮೆಯಾಗುತ್ತದೆ, ಆ ಆರ್‌ಎನ್‌ಎ ಬೇಗ ಚೂರಾಗುತ್ತದೆ. ಜೀನ್ ಸರಿಯಾಗಿಯೇ ಇದೆ, ಟಿಜಿಎಫ್-ಬೀಟಾದ ಅಪ್ಪಣೆಯೂ ಬಂದಿದೆ, ಸೂಚನೆಯೂ ಹೊರಟಿದೆ. ಪ್ರೋಟೀನು ಮಾತ್ರ ಸಾಲದು.

ಮಿರ್-25ರ ಬೀಜ ಬೇರೆ: ಎ-ಯು-ಯು-ಜಿ-ಸಿ-ಎ-ಸಿ. ಇದು ಹಿಡಿಯುವುದು ಬಿಮ್ ಅನ್ನು.

ಇಬ್ಬರು ಸೇರಿ ಬೆಳವಣಿಗೆಯ ಬ್ರೇಕ್ ಸಡಿಲಿಸುತ್ತಾರೆ, ಮೂರನೆಯವನು ಸಾಯುವ ಬಾಗಿಲಿಗೆ ಚಿಲಕ ಹಾಕುತ್ತಾನೆ. ಮೂವರೂ ಒಂದೇ ಮನೆಯಿಂದ ಒಂದೇ ಗಳಿಗೆಯಲ್ಲಿ ಹೊರಡುವವರು. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸುಮ್ನೆ ಕೂತಿದ್ದು ನೆನಪಿದೆ. ಅಷ್ಟು ಅಚ್ಚುಕಟ್ಟು.

ಹಿಡಿಯುವುದು ನಿಜವೇ ಅನ್ನುವುದಕ್ಕೆ ಪರೀಕ್ಷೆ ಬೇಕಲ್ವಾ? ಈ ಕ್ಷೇತ್ರದಲ್ಲಿ ಅದಕ್ಕೆ ಮಿಂಚುಹುಳವನ್ನು ಬಳಸುತ್ತಾರೆ. ಆ ಹುಳಕ್ಕೆ ಬೆಳಕು ಕೊಡುವ ಪ್ರೋಟೀನಿನ ಸೂಚನೆಗೆ ಪಿ21ರ ಬಾಲವನ್ನು ಅಂಟಿಸಿ ಕೋಶದೊಳಗೆ ಬಿಡುತ್ತಾರೆ. ಮೈಕ್ರೊಆರ್‌ಎನ್‌ಎ ಬಂದು ಬಾಲ ಹಿಡಿದರೆ ಬೆಳಕು ಮಂಕಾಗುತ್ತದೆ. ಬಾಲದಲ್ಲಿನ ಆ ಏಳು ಅಕ್ಷರಗಳನ್ನು ಕೆಡಿಸಿದರೆ ಬೆಳಕು ಮತ್ತೆ ಬರುತ್ತದೆ. ಓಹಾಯೊ ತಂಡ ಕೋಶದ ಮಟ್ಟದಲ್ಲೂ ನೋಡಿತು. ಟಿಜಿಎಫ್-ಬೀಟಾದ ಮಾತು ಕೇಳುತ್ತಿದ್ದ ಜಠರ ಕ್ಯಾನ್ಸರ್ ಕೋಶಗಳಿಗೆ ಈ ಮೈಕ್ರೊಆರ್‌ಎನ್‌ಎಗಳನ್ನು ಹೆಚ್ಚಾಗಿ ಕೊಟ್ಟಾಗ ಅವು ಮಾತು ಕೇಳುವುದನ್ನು ಬಿಟ್ಟವು. ನಿಲ್ಲಲೂ ಇಲ್ಲ, ಸಾಯಲೂ ಇಲ್ಲ.

ಕುಕ್ಕರಿನ ವಿಷಲ್

ಇಲ್ಲಿ ಒಂದು ತೊಡಕು ಇದೆ, ಅದನ್ನು ಬಿಟ್ಟು ಹೇಳಿದರೆ ಪ್ರಕರಣ ಅರ್ಧವೇ. ಮಿರ್-106ಬಿ ಮತ್ತು ಮಿರ್-93, ತಮ್ಮನ್ನು ಹುಟ್ಟಿಸಿದ ಇ2ಎಫ್1ನ ಬಾಲವನ್ನೂ ಹಿಡಿಯುತ್ತವೆ. ಮೇಸ್ತ್ರಿ ಎಬ್ಬಿಸಿದ ಆಳುಗಳು ಮೇಸ್ತ್ರಿಯನ್ನೇ ತಡೆದು ಕೂರಿಸುತ್ತಾರೆ. ಆರೋಗ್ಯವಾಗಿರುವ ಕೋಶದಲ್ಲಿ ಇದು ಕುಕ್ಕರಿನ ವಿಷಲ್ ಇದ್ದ ಹಾಗೆ. ಒತ್ತಡ ಏರಿದರೆ ಒಂದಿಷ್ಟು ಹೊರಗೆ ಹೋಗುತ್ತದೆ, ಕುಕ್ಕರ್ ಸಿಡಿಯುವುದಿಲ್ಲ.

ಹಾಗಾದರೆ ಇವು ಒಳ್ಳೆಯವೋ ಕೆಟ್ಟವೋ? ಈ ಪ್ರಶ್ನೆಯೇ ಸರಿಯಾದದ್ದಲ್ಲ ಅಂತ ನನಗೆ ಅನ್ನಿಸುತ್ತದೆ. ಇ2ಎಫ್1 ಅತಿಯಾದರೆ ಕೋಶ ಸಾಯುವ ಕಡೆಗೂ ವಾಲುತ್ತದೆ. ಅದನ್ನು ಅತಿಯಾಗದಂತೆ ಹಿಡಿದಿಡುವುದು ಗಡ್ಡೆಗೇ ಅನುಕೂಲ ಆಗಬಹುದು: ಬೆಳೆಯುವಷ್ಟು ಇರಲಿ, ಸಾಯುವಷ್ಟು ಬೇಡ. ಇಂಟರ್‌ನೆಟ್‌ನಲ್ಲಿ 'ಈ ಮೈಕ್ರೊಆರ್‌ಎನ್‌ಎ ಕ್ಯಾನ್ಸರ್ ತರುತ್ತದೆ, ಆ ಮೈಕ್ರೊಆರ್‌ಎನ್‌ಎ ತಡೆಯುತ್ತದೆ' ಅನ್ನುವ ಉದ್ದುದ್ದ ಪಟ್ಟಿಗಳು ಸಿಗುತ್ತವೆ. ಮಿರ್-21 ಮೇಲೆ, ಲೆಟ್-7 ಕೆಳಗೆ, ಮಿರ್-101 ಕೆಳಗೆ. ಸುಳ್ಳೇನಲ್ಲ. ಆದರೆ ಆ ಪಟ್ಟಿ ಓದಿದವರಿಗೆ ಕೋಶದೊಳಗೆ ಏನಾಗುತ್ತಿದೆ ಅನ್ನುವುದು ತಿಳಿಯುವುದೇ ಇಲ್ಲ. ಒಂದು ಪ್ರಕರಣವನ್ನು ಬುಡದಿಂದ ನೋಡಿದರೆ ತಿಳಿಯುತ್ತದೆ ಅಂತಲೇ ಇದನ್ನು ಆರಿಸಿಕೊಂಡೆ.

ಎಲ್ಲ ಗಡ್ಡೆಗಳಲ್ಲೂ ಈ ಮೂರು ಜಾಸ್ತಿ ಇರುವುದಿಲ್ಲ, ಕೆಲವುಗಳಲ್ಲಿ ಮಾತ್ರ. ಇದರಲ್ಲಿ ಆಶ್ಚರ್ಯವಿಲ್ಲ. 2014ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಯೋಜನೆ 295 ಜಠರದ ಗಡ್ಡೆಗಳನ್ನು ಬಿಡಿಸಿ ನೋಡಿ ಅವುಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿತು. ಅರ್ಧದಷ್ಟು ಗಡ್ಡೆಗಳಲ್ಲಿ ಕ್ರೋಮೋಸೋಮುಗಳೇ ಅಸ್ತವ್ಯಸ್ತ. ಇನ್ನೊಂದು ಬಗೆಯಲ್ಲಿ ವೈರಸ್ಸಿನ ಕೈವಾಡ. ಹೆಸರು ಒಂದೇ, ಕಾಯಿಲೆ ನಾಲ್ಕು.

ಗಡ್ಡೆಗೂ ಮೊದಲು

ಜಠರದ ಕ್ಯಾನ್ಸರ್ ಅಂದಮೇಲೆ ಹೆಲಿಕೋಬ್ಯಾಕ್ಟರ್ ಪೈಲೊರಿ ಅನ್ನುವ ಬ್ಯಾಕ್ಟೀರಿಯಾದ ಮಾತು ಬರಲೇಬೇಕು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಇದನ್ನು ಗುರುತಿಸಿದರು, 2005ರಲ್ಲಿ ಅವರಿಗೆ ನೊಬೆಲ್ ಬಂತು. 1994ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ದರ್ಜೆಗೆ ಸೇರಿಸಿತು. ಇದು ವರ್ಷಗಟ್ಟಲೆ ಒಳಪದರದಲ್ಲಿ ಉರಿಯೂತ ಎಬ್ಬಿಸಿ ಇಟ್ಟಿರುತ್ತದೆ. ಒಳಪದರ ಮೊದಲು ಸವೆಯುತ್ತದೆ, ಆಮೇಲೆ ಕರುಳಿನ ಒಳಪದರದ ಹಾಗೆ ಬದಲಾಗುತ್ತದೆ, ಕೆಲವರಲ್ಲಿ ಮಾತ್ರ ಕೊನೆಗೆ ಕ್ಯಾನ್ಸರ್ ಆಗುತ್ತದೆ.

ಈ ವರ್ಷಗಳಲ್ಲಿ ಮೈಕ್ರೊಆರ್‌ಎನ್‌ಎಗಳ ಲೆಕ್ಕವೂ ಏರುಪೇರಾಗುತ್ತದೆ. ಟೋಕಿಯೊದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದವರು 2009ರಲ್ಲಿ ಮಿರ್-124ಎ ಅನ್ನುವುದನ್ನು ನೋಡಿದರು. ಅದು ನಮ್ಮ ಮೂವರಿಗೆ ತಿರುಗುಮುರುಗು, ಬೆಳವಣಿಗೆಯನ್ನು ಹಿಡಿದಿಡುವ ಕಡೆಯದು. ಅದರ ಜೀನುಗಳಿಗೆ ಮೀಥೈಲ್ ಅನ್ನುವ ರಾಸಾಯನಿಕ ಬೀಗ ಬಿದ್ದಿತ್ತು. ಕ್ಯಾನ್ಸರ್ ಇಲ್ಲದ, ಆದರೆ ಈ ಬ್ಯಾಕ್ಟೀರಿಯಾ ಇರುವವರ ಜಠರದಲ್ಲೂ ಆ ಬೀಗ ಹೆಚ್ಚಾಗಿಯೇ ಕಂಡಿತು. ಗಡ್ಡೆ ಹುಟ್ಟುವ ಮೊದಲೇ ನೆಲ ಹದವಾಗುತ್ತಿರುತ್ತದೆ. ಈ ಬ್ಯಾಕ್ಟೀರಿಯಾ ಇದೆ ಎಂದು ಡಾಕ್ಟರ್ ಹೇಳಿದರೆ ಕೊಟ್ಟ ಮಾತ್ರೆಯ ಕೋರ್ಸ್ ಪೂರ್ತಿ ಮುಗಿಸಿ ಎಂದು ನಾನು ಕಂಡವರಿಗೆಲ್ಲ ಒತ್ತಿ ಹೇಳುವುದು ಇದಕ್ಕೇ.

ತಡೆಯಬಹುದಲ್ಲ?

ಮೂರು ಮೈಕ್ರೊಆರ್‌ಎನ್‌ಎ ತಪ್ಪು ಮಾಡುತ್ತಿವೆ, ಅವುಗಳನ್ನು ಕಟ್ಟಿಹಾಕುವ ಔಷಧಿ ಮಾಡಿದರಾಯಿತು ಅಂತ ಯಾರಿಗಾದರೂ ಅನ್ನಿಸುತ್ತದೆ. ಲ್ಯಾಬಿನ ಕೋಶಗಳಲ್ಲಿ ಕಟ್ಟಿಹಾಕಲು ಬರುತ್ತದೆ ಕೂಡ. ಸರಿಜೋಡಿ ಅಕ್ಷರಗಳ ತುಂಡೊಂದನ್ನು ಮಾಡಿ ಬಿಟ್ಟರೆ ಅದಕ್ಕೇ ಹೋಗಿ ಅಂಟಿಕೊಳ್ಳುತ್ತವೆ.

ಇಲಿಗಳಿಂದ ಒಂದು ಒಳ್ಳೆಯ ಸುದ್ದಿ, ಒಂದು ಕಷ್ಟದ ಸುದ್ದಿ ಇದೆ. 2008ರಲ್ಲೇ ಆಂಡ್ರಿಯಾ ವೆಂಚುರಾ ಮತ್ತು ಜೊತೆಗಾರರು ಈ ಮೂರನ್ನೂ ಪೂರ್ತಿ ತೆಗೆದ ಇಲಿಗಳನ್ನು ಬೆಳೆಸಿದರು. ಅವು ಬದುಕಿದವು, ಎದ್ದು ಕಾಣುವ ತೊಂದರೆ ಏನೂ ಇರಲಿಲ್ಲ. ಔಷಧಿ ಮಾಡುವವರಿಗೆ ಇದು ಧೈರ್ಯ ಕೊಡುವ ಮಾತು. ಆದರೆ ತೊಂದರೆ ಆಗದಿರಲು ಕಾರಣ, ಇವುಗಳ ದಾಯಾದಿಗಳು ಬೇರೆ ಕ್ರೋಮೋಸೋಮಿನಲ್ಲಿ ಇವೆ. ಮಿರ್-17-92 ಅನ್ನುವ ಆ ಗುಂಪಿನಲ್ಲೂ ಇದೇ ಎ-ಎ-ಎ-ಜಿ-ಯು-ಜಿ-ಸಿ ಬೀಜ ಇರುವವು ಇವೆ. ಆ ಗುಂಪನ್ನು ತೆಗೆದರೆ ಮರಿಗಳು ಹುಟ್ಟುತ್ತಲೇ ಸಾಯುತ್ತವೆ. ಎರಡನ್ನೂ ತೆಗೆದರೆ ಹುಟ್ಟುವುದೂ ಇಲ್ಲ. ಗಡ್ಡೆಯಲ್ಲಿ ಒಬ್ಬನನ್ನು ಕಟ್ಟಿಹಾಕಿದರೆ ದಾಯಾದಿ ಬಂದು ಅದೇ ಕೆಲಸ ಮಾಡಬಹುದು. ಎಲ್ಲರನ್ನೂ ಕಟ್ಟಿಹಾಕಿದರೆ ಆರೋಗ್ಯವಾಗಿರುವ ಕೋಶಗಳ ಗತಿ ಏನು?

ಮನುಷ್ಯರಲ್ಲಿ ಒಂದು ಪ್ರಯತ್ನ ಆಗಿದೆ. ಅದು ಈ ಮೂರರದ್ದಲ್ಲ, ಕ್ಯಾನ್ಸರನ್ನು ತಡೆಯುವ ಮಿರ್-34ಎಯದ್ದು. ಅದರ ನಕಲನ್ನು ಕೊಬ್ಬಿನ ಪುಟ್ಟ ಗುಳ್ಳೆಗಳಲ್ಲಿ ತುಂಬಿ ರಕ್ತನಾಳದ ಮೂಲಕ ಕೊಟ್ಟರು. ಎಂಆರ್‌ಎಕ್ಸ್34 ಅದರ ಹೆಸರು. ಕ್ಯಾನ್ಸರಿಗೆಂದು ಮನುಷ್ಯರಿಗೆ ಕೊಟ್ಟ ಮೊದಲ ಮೈಕ್ರೊಆರ್‌ಎನ್‌ಎ ಔಷಧಿ ಅದು. 2013ರಲ್ಲಿ ಶುರುವಾಯಿತು. ನಾನಾ ಬಗೆಯ ಮುಂದುವರಿದ ಕ್ಯಾನ್ಸರ್ ಇದ್ದ 85 ಜನ ಸೇರಿದರು. ಕೆಲವರಲ್ಲಿ ಗಡ್ಡೆ ಕುಗ್ಗಿತು. ಆದರೆ ದೇಹದ ರೋಗನಿರೋಧಕ ವ್ಯವಸ್ಥೆ ವಿಪರೀತ ಕೆರಳಿ ನಾಲ್ವರು ತೀರಿಕೊಂಡರು. 2016ರಲ್ಲಿ ಪ್ರಯೋಗವನ್ನು ನಿಲ್ಲಿಸಿದರು. ಆ 85 ಜನ ಬೇರೆ ದಾರಿ ಮುಗಿದ ಮೇಲೆ ಮುಂದಿನವರಿಗಾದರೂ ಉಪಯೋಗವಾಗಲಿ ಎಂದು ಒಪ್ಪಿಕೊಂಡವರು. ಈ ಅಂಕಿ ಬರೆಯುವಾಗ ಅದು ಮನಸ್ಸಿನಲ್ಲಿರುತ್ತದೆ.

ರಕ್ತದ ಟ್ಯೂಬಿನಲ್ಲಿ

ನಮ್ಮ ಸೋದರಮಾವ ತಿಂಗಳುಗಟ್ಟಲೆ ಹೊಟ್ಟೆ ಉಬ್ಬರ, ಊಟ ಸೇರಲ್ಲ ಅನ್ನುತ್ತಿದ್ದರು. "ಮಾವ, ಒಂದ್ಸಲ ಎಂಡೋಸ್ಕೋಪಿ ಮಾಡಿಸ್ಕೊಂಡು ಬರೋಣ ಬನ್ನಿ" ಅಂದರೆ, "ಗ್ಯಾಸ್ಟ್ರಿಕ್ ಕಣೋ ಇದು, ಇದಕ್ಕೆಲ್ಲ ಗಂಟಲಿಗೆ ಪೈಪ್ ಬಿಡಿಸ್ಕೊಳ್ಳೋದಾ" ಅನ್ನುತ್ತಿದ್ದರು. ಮೆಡಿಕಲ್ ಶಾಪಿನ ಮಾತ್ರೆಯಲ್ಲೇ ಎಂಟು ತಿಂಗಳು ಕಳೆದವು. ಕೊನೆಗೆ ಅಕ್ಕಿನುಚ್ಚಿನಷ್ಟು ಚೂರು ತೆಗೆದು ಬಯಾಪ್ಸಿ ಮಾಡುವ ಹೊತ್ತಿಗೆ ಕಾಯಿಲೆ ಜಠರದ ಗೋಡೆ ದಾಟಿತ್ತು.

ಇದು ನಮ್ಮ ಮನೆಯೊಂದರ ಕಥೆಯಲ್ಲ. 2022ರಲ್ಲಿ ಜಗತ್ತಿನಲ್ಲಿ ಸುಮಾರು 9 ಲಕ್ಷ 68 ಸಾವಿರ ಜನಕ್ಕೆ ಜಠರದ ಕ್ಯಾನ್ಸರ್ ಪತ್ತೆಯಾಯಿತು, 6 ಲಕ್ಷ 60 ಸಾವಿರದಷ್ಟು ಜನ ಸತ್ತರು. ಕಿದ್ವಾಯಿ ಸಂಸ್ಥೆ ನಡೆಸುವ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯಲ್ಲೂ ಗಂಡಸರ ಮುಖ್ಯ ಕ್ಯಾನ್ಸರುಗಳ ಸಾಲಿನಲ್ಲಿ ಇದು ಬಹಳ ವರ್ಷಗಳಿಂದ ಇದೆ. ಪೈಪಿಗೆ ಹೆದರುವವರು ರಕ್ತ ಕೊಡಲು ಹೆದರುವುದಿಲ್ಲ. ರಕ್ತದಲ್ಲೇ ಸುಳಿವು ಸಿಕ್ಕರೆ?

ಈ ಪ್ರಶ್ನೆ ಹಿಡಿದು ಜಪಾನಿನ ಕ್ಯೋಟೊದ ತಂಡವೊಂದು 2010ರಲ್ಲಿ 69 ರೋಗಿಗಳ ಮತ್ತು 30 ಆರೋಗ್ಯವಂತರ ಪ್ಲಾಸ್ಮಾ ನೋಡಿತು. ರೋಗಿಗಳಲ್ಲಿ ಜಾಸ್ತಿ ಇದ್ದ ಮೈಕ್ರೊಆರ್‌ಎನ್‌ಎಗಳಲ್ಲಿ ನಮ್ಮ ಮಿರ್-106ಬಿಯೂ ಒಂದು. ಆಪರೇಷನ್ನಿಗೆ ಮೊದಲು ಮತ್ತು ಆಮೇಲೆ, ಎರಡೂ ಸಲ ರಕ್ತ ಸಿಕ್ಕಿದ್ದು ಹತ್ತು ಜನರದ್ದು. ಗಡ್ಡೆ ತೆಗೆದ ಮೇಲೆ ಅವರಲ್ಲಿ ಮಟ್ಟ ಇಳಿದಿತ್ತು. ಹತ್ತೇ ಜನ ಆದರೂ ನನಗೆ ಆ ಲೇಖನದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಇದೇ. ರಕ್ತದಲ್ಲಿದ್ದದ್ದು ಗಡ್ಡೆಯಿಂದಲೇ ಬಂದಿತ್ತು ಅನ್ನುವುದಕ್ಕೆ ಒಳ್ಳೆಯ ಸುಳಿವು ಅದು.

ಆದರೆ ಮಿರ್-106ಬಿ ಒಂದನ್ನೇ ನೆಚ್ಚಿಕೊಂಡರೆ ಸಾಲದು. ರೋಗಿಯನ್ನೂ ಆರೋಗ್ಯವಂತನನ್ನೂ ಬೇರೆ ಮಾಡುವ ಶಕ್ತಿಯನ್ನು ಅಳೆಯುವ ಒಂದು ಅಂಕಿ ಇದೆ. ನಾಣ್ಯ ಚಿಮ್ಮಿ ಹೇಳಿದರೆ 0.5, ಒಂದೂ ತಪ್ಪಿಲ್ಲದಿದ್ದರೆ 1. ಮಿರ್-106ಬಿಗೆ ಸಿಕ್ಕಿದ್ದು 0.721. ಇನ್ನೊಂದು ತೊಂದರೆಯೂ ಇದೆ. ಇದೇ ಮೂರು ಮೈಕ್ರೊಆರ್‌ಎನ್‌ಎ ಕೆಂಪು ರಕ್ತಕಣಗಳಲ್ಲೂ ಬೇಕಾದಷ್ಟಿವೆ. ರಕ್ತ ತೆಗೆದ ಟ್ಯೂಬನ್ನು ಯಂತ್ರದಲ್ಲಿಟ್ಟು ಗಿರ್ರನೆ ತಿರುಗಿಸಿದಾಗ ಮೇಲೆ ನಿಲ್ಲುವ ತಿಳಿ, ತೆಳು ಹಳದಿ ಇರಬೇಕು. ಸೂಜಿ ಸರಿಯಾಗಿ ಹೋಗದೆ ರಕ್ತ ಎಳೆದಾಡಿದರೆ, ಟ್ಯೂಬ್ ಜೋರಾಗಿ ಅಲ್ಲಾಡಿಸಿದರೆ, ಆ ತಿಳಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕಣಗಳು ಒಡೆದಿವೆ ಎಂದರ್ಥ. ಅಂಥ ಟ್ಯೂಬಿನಲ್ಲಿ ಮಿರ್-106ಬಿ ಜಾಸ್ತಿ ಕಂಡರೆ ಅದು ಗಡ್ಡೆಯದ್ದೋ, ಒಡೆದ ಕಣದ್ದೋ?

ಸಿಂಗಾಪುರದವರು ಒಂದರ ಬದಲು ಹನ್ನೆರಡನ್ನು ಒಟ್ಟಿಗೆ ಅಳೆದರು. ಮೊದಲು ಸಿಂಗಾಪುರ ಮತ್ತು ಕೊರಿಯಾದ 682 ಜನರ ರಕ್ತದಲ್ಲಿ 578 ಮೈಕ್ರೊಆರ್‌ಎನ್‌ಎಗಳನ್ನು ಜರಡಿ ಹಿಡಿದು ಹನ್ನೆರಡನ್ನು ಆರಿಸಿದರು. ಆಮೇಲೆ ಹೊಟ್ಟೆಯ ತೊಂದರೆ ಹೇಳಿಕೊಂಡು ಎಂಡೋಸ್ಕೋಪಿಗೆ ಬಂದ 4566 ಜನರಲ್ಲಿ ಪರೀಕ್ಷೆಗೆ ಇಟ್ಟರು. ಆ ಅಂಕಿ 0.848ಕ್ಕೆ ಬಂತು. ರಕ್ತದಲ್ಲಿ ಸಿಇಎ ಅನ್ನುವ ಪ್ರೋಟೀನನ್ನು ಅಳೆಯುವ ಹಳೆಯ ಟೆಸ್ಟಿಗೆ ಸಿಕ್ಕಿದ್ದು 0.576, ಅಂದರೆ ನಾಣ್ಯ ಚಿಮ್ಮುವುದಕ್ಕಿಂತ ಅಷ್ಟೇನೂ ಮೇಲಲ್ಲ. ಗ್ಯಾಸ್ಟ್ರೋಕ್ಲಿಯರ್ ಹೆಸರಿನ ಈ ಟೆಸ್ಟಿಗೆ ಅಲ್ಲಿ 2019ರಲ್ಲೇ ಒಪ್ಪಿಗೆ ಸಿಕ್ಕಿತು, ಲೇಖನ 2021ರಲ್ಲಿ 'ಗಟ್' ಪತ್ರಿಕೆಯಲ್ಲಿ ಬಂತು.

ಕ್ಯಾನ್ಸರ್ ಇದ್ದ ನೂರರಲ್ಲಿ 87 ಜನರನ್ನು ಅದು ಹಿಡಿಯಿತು. ಕ್ಯಾನ್ಸರ್ ಇಲ್ಲದವರಲ್ಲಿ ಶೇಕಡಾ 68.4ರಷ್ಟು ಜನರಿಗೆ ಸರಿಯಾಗಿ 'ಇಲ್ಲ' ಎಂದಿತು. ಒಂದು ಲೆಕ್ಕ ಹಾಕೋಣ. ಇಂಥ ದೂರು ಇರುವ 1000 ಜನ ಬಂದರು, ಅವರಲ್ಲಿ 20 ಜನಕ್ಕೆ ಕ್ಯಾನ್ಸರ್ ಇದೆ ಅಂತಿಟ್ಟುಕೊಳ್ಳಿ. ಟೆಸ್ಟ್ 17 ಜನರನ್ನು ಹಿಡಿಯುತ್ತದೆ. ಕ್ಯಾನ್ಸರ್ ಇಲ್ಲದ 310 ಜನರ ಕಡೆಗೂ ಬೆರಳು ತೋರಿಸುತ್ತದೆ. ಒಟ್ಟು 327 ಜನ ಎಂಡೋಸ್ಕೋಪಿಗೆ ಹೋಗಬೇಕು. ಉಳಿದ 673 ಜನ ಪೈಪಿನಿಂದ ಪಾರಾಗುತ್ತಾರೆ. ಆ 673ರಲ್ಲಿ ಮೂವರಿಗೆ ಕ್ಯಾನ್ಸರ್ ಇದ್ದೇ ಇರುತ್ತದೆ. ರಿಪೋರ್ಟ್ ಚೆನ್ನಾಗಿ ಬಂದ ಮೇಲೂ ಊಟ ಸೇರದೆ, ತೂಕ ಇಳಿಯುತ್ತಾ, ಮಲ ಕಪ್ಪಗೆ ಹೋಗುತ್ತಿದ್ದರೆ, ಆ ಮೂವರಲ್ಲಿ ಒಬ್ಬರು ಎಂದುಕೊಂಡೇ ಡಾಕ್ಟರ ಹತ್ತಿರ ಮತ್ತೆ ಹೋಗಬೇಕು, ಗಂಟಲಿಗೆ ಪೈಪ್ ಬಿಡಿಸಿಕೊಳ್ಳಲೇಬೇಕು.